ತುಂಗಭದ್ರೆಯ ನೀರೂ ಬಿಸಿಲಿನ ಅಳತೆಯೂ

ಹಂಪೆಯ ಅರಮನೆಯ ಆವರಣದಲ್ಲಿ, ಮಹಾನವಮಿ ದಿಬ್ಬಕ್ಕೆ ಅನತಿದೂರದಲ್ಲಿ, 1980ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲುಗಳ ಪುಷ್ಕರಿಣಿಯೊಂದಿದೆ. ನುಣುಪಾದ ಕರಿಯ ಕಲ್ಲಿನಿಂದ ಹಂತಹಂತವಾಗಿ ಕೆಳಗಿಳಿಯುವ ಆ ಕೊಳದ ಸೋಪಾನಗಳನ್ನು ಬಾಗಿ ನೋಡಿದವರಿಗೆ, ಕಲ್ಲುಗಳ ಮೈಮೇಲೆ ಚಿಕ್ಕ ಚಿಕ್ಕ ಕನ್ನಡ ಅಕ್ಷರಗಳೂ ಗೆರೆಗಳೂ ಕಾಣಿಸುತ್ತವೆ. ಈ ಕಲ್ಲು ಯಾವ ದಿಕ್ಕಿಗೆ ಸೇರಿದ್ದು, ಯಾವ ಸಾಲಿನಲ್ಲಿ ಕೂಡತಕ್ಕದ್ದು ಎಂಬುದನ್ನು ಜೋಡಿಸುವವನಿಗೆ ತಿಳಿಸಲು ಕಲ್ಲುಕುಟಿಗರು ಹಾಕಿದ ಗುರುತುಗಳವು. ಕಂಬಗಳ ಮೇಲೆ ಕೂಡಿಸಿದ ಕಲ್ಲಿನ ದೋಣಿಗಳು ಆ ಕೊಳಕ್ಕೆ ನೀರನ್ನು ತರುತ್ತಿದ್ದ ಮಾರ್ಗವನ್ನು ಇಂದಿಗೂ ತೋರಿಸುತ್ತ ನಿಂತಿವೆ. ಒಂದು ಕಲ್ಲಿನ ಸ್ಥಾನವನ್ನು ಅಷ್ಟು ನಿಖರವಾಗಿ ಗುರುತಿಸಿಟ್ಟ ಜನರಿಗೆ, ಆ ದೋಣಿಯಲ್ಲಿ ಹರಿದು ಬಂದ ನೀರು ಕುಡಿಯಲು ಯೋಗ್ಯವಾದುದೋ ಅಲ್ಲವೋ ಎಂದು ಹೇಳಬಲ್ಲ ಗುರುತೊಂದು ಮಾತ್ರ ದೊರಕಿರಲಿಲ್ಲ. ಈ ಸೀಮೆಯ ನೀರಿನ ಚರಿತ್ರೆಯೆಂದರೆ ನೀರನ್ನು ತಂದ ಚರಿತ್ರೆ ಎಂದೇ ನಾವು ಬಹುಕಾಲದಿಂದ ಓದುತ್ತ ಬಂದಿದ್ದೇವೆ. ನೀರನ್ನು ಅರಿಯಲು ಇಲ್ಲಿಯ ಜನ ಪಟ್ಟ ಪಾಡಿನ ಚರಿತ್ರೆ ಅದರ ನೆರಳಿನಲ್ಲಿಯೇ ಉಳಿದುಬಿಟ್ಟಿದೆ. ಅದನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಪ್ರಬಂಧದ ಉದ್ದೇಶ.

ನೀರನ್ನು ತಂದ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ವಿಜಯನಗರದ ಅರಸರು ತುಂಗಭದ್ರೆಗೆ ಅಲ್ಲಲ್ಲಿ ಕಲ್ಲಿನ ಅಣೆಕಟ್ಟೆಗಳನ್ನು ಹಾಕಿ, ನದಿಯ ಎರಡು ದಡಗಳಲ್ಲಿಯೂ ಕಾಲುವೆಗಳನ್ನು ತೋಡಿಸಿದರು. ಹಂಪೆಯ ಗುಡ್ಡಗಳ ನಡುವಣ ಕಣಿವೆಯಲ್ಲಿ ಹರಿಯುವ ತುರ್ತು ಕಾಲುವೆಯೂ, ಕೃಷ್ಣದೇವರಾಯನ ಆಳ್ವಿಕೆಯಲ್ಲಿ 1521ರಲ್ಲಿ ಆದುದೆಂದು ಹೇಳಲಾಗುವ ಬಸವಣ್ಣ ಕಾಲುವೆಯೂ ಇಂದಿಗೂ ಗದ್ದೆ ತೋಟಗಳನ್ನು ತಣಿಸುತ್ತಿವೆ. 1443ರಲ್ಲಿ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು ಅರಮನೆಯ ಬಳಿ ನಯಗೊಳಿಸಿದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿದ್ದುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಹೊಸಪೇಟೆಯ ಸಮೀಪ ಎರಡು ಬೆಟ್ಟಗಳ ನಡುವೆ ಕಟ್ಟಿದ ಮಹಾ ತಟಾಕವನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನೋಡಿದಾಗ, ಹದಿನೈದು ಇಪ್ಪತ್ತು ಸಹಸ್ರ ಜನ ಅಲ್ಲಿ ದುಡಿಯುತ್ತಿದ್ದರಂತೆ. ಆ ಕಾರ್ಯಕ್ಕೆ ಗೋವೆಯಿಂದ ಬಂದ ಜೊವಾವೊ ಡೆ ಲಾ ಪೊಂಟೆ ಎಂಬ ಕಲ್ಲುಗೆಲಸದ ನಿಪುಣನು ನೆರವಾದನೆಂದು ಮತ್ತೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ತಿಳಿಸುತ್ತಾನೆ. ಏರಿ ಮೇಲಿಂದ ಮೇಲೆ ಒಡೆಯಿತೆಂದೂ, ಅದು ನಿಲ್ಲಲೆಂದು ಮನುಷ್ಯರನ್ನು ಬಲಿಕೊಡಲಾಯಿತೆಂದೂ ಆ ಬರಹಗಳಲ್ಲಿದೆ. ರಾಯರ ಕೆರೆಯೆಂದು ಹೆಸರಾದ ಆ ಜಲಾಶಯದ ಅಂಗಳ ಇಂದು ಬಹುಮಟ್ಟಿಗೆ ಹೊಲವಾಗಿದೆ. ಆ ವೈಭವವನ್ನು ಹೊಗಳುವಾಗ ಅದಕ್ಕೆ ತೆತ್ತ ಪ್ರಾಣಗಳನ್ನೂ ನೆನೆಯದೆ ಇರುವುದು ಉಚಿತವಲ್ಲ.

ಬಂದ ನೀರನ್ನು ಪರೀಕ್ಷಿಸುವ ಸಾಧನವೆಂದರೆ ಅಂದಿನವರಿಗೆ ಪಂಚೇಂದ್ರಿಯಗಳೇ. ಕಣ್ಣಿಗೆ ತಿಳಿಯಾಗಿರಬೇಕು, ಮೂಗಿಗೆ ವಾಸನೆ ಬಡಿಯಬಾರದು, ನಾಲಗೆಗೆ ಸವುಳು ತಾಗಬಾರದು, ಬೇಳೆ ಅದರಲ್ಲಿ ಚೆನ್ನಾಗಿ ಬೇಯಬೇಕು. ಶಾಸ್ತ್ರವೂ ಇದಕ್ಕಿಂತ ಹೆಚ್ಚಿನದೇನನ್ನೂ ಕೇಳುತ್ತಿರಲಿಲ್ಲವಾದರೂ, ಶುದ್ಧಿಯ ಉಪಾಯಗಳನ್ನು ಮಾತ್ರ ಅದು ವಿವರವಾಗಿಯೇ ಹೇಳಿತ್ತು. ಕಲುಷಿತವಾದ ಜಲವನ್ನು ಬೆಂಕಿಯಲ್ಲಿ ಕಾಯಿಸಬೇಕು, ಇಲ್ಲವೆ ಸೂರ್ಯನ ತಾಪಕ್ಕೆ ಒಡ್ಡಬೇಕು, ಅಥವಾ ಕಾದ ಕಬ್ಬಿಣವನ್ನೋ ಮರಳನ್ನೋ ಅದರಲ್ಲಿ ಅದ್ದಬೇಕು ಎಂದು ಸುಶ್ರುತ ಸಂಹಿತೆ ವಿಧಿಸುತ್ತದೆ. ಬಗ್ಗಡವನ್ನು ತಳಕ್ಕಿಳಿಸಲು ಕತಕ ಬೀಜವನ್ನು ಹೇಳುತ್ತದೆ. ಶರದೃತುವಿನಲ್ಲಿ ಹಗಲು ಸೂರ್ಯಕಿರಣದಿಂದ ಕಾದು ಇರುಳು ಚಂದ್ರಕಿರಣದಿಂದ ತಂಪಾದ ನೀರನ್ನು ಆಯುರ್ವೇದ ಗ್ರಂಥಗಳು ಹಂಸೋದಕವೆಂದು ಕರೆದು ಅಮೃತಸಮಾನವೆಂದು ಕೊಂಡಾಡುತ್ತವೆ. ಬಿಸಿಲಿಗೆ ನೀರನ್ನು ಶುದ್ಧಿಗೊಳಿಸುವ ಗುಣವುಂಟೆಂಬ ಗ್ರಹಿಕೆ ಈ ನಾಡಿನಲ್ಲಿ ಹೀಗೆ ಪ್ರಾಚೀನವಾದುದು. ಆದರೆ ಎಷ್ಟು ಬಿಸಿಲು, ಎಷ್ಟು ಹೊತ್ತು, ಮೋಡ ಕವಿದರೆ ಏನು ಮಾಡಬೇಕು ಎಂಬ ಪ್ರಶ್ನೆಗಳು ಅಲ್ಲಿ ಎದ್ದಿರಲಿಲ್ಲ.

ಗ್ರಂಥಗಳನ್ನು ಓದದವರು ಏನು ಮಾಡುತ್ತಿದ್ದರೆಂಬುದನ್ನು ಕಂಪ್ಲಿಯ ಹೊಳೆಯ ದಡ ಹೇಳುತ್ತದೆ. ಚಾಳುಕ್ಯರ ಕಾಲದಲ್ಲಿಯೇ ಹೆಸರಾಗಿ, ಮುಂದೆ ಕಂಪಿಲರಾಯನ ಮತ್ತು ಕುಮಾರರಾಮನ ನೆನಪಿನೊಡನೆ ಬೆರೆತುಹೋದ ಆ ಊರು ತುಂಗಭದ್ರೆಯ ಅಂಚಿನಲ್ಲಿಯೇ ಇದೆ. ಹರಿಯುವ ನೀರು ಕಣ್ಣೆದುರಿಗೇ ಇದ್ದರೂ, ಬೇಸಗೆಯಲ್ಲಿ ಹೆಂಗಸರು ಆ ನೀರಿಗೆ ಕೊಡವನ್ನು ಅದ್ದದೆ, ಮರಳಿನಲ್ಲಿ ಮೊಳದಷ್ಟು ಆಳಕ್ಕೆ ವರತೆ ತೋಡುವುದು ಹೊಳೆಸಾಲಿನ ಹಳೆಯ ಪದ್ಧತಿ. ಮೊದಲು ಜಿನುಗಿದ ಬಗ್ಗಡದ ನೀರನ್ನು ಬಟ್ಟಲಿನಿಂದ ಎತ್ತಿ ಆಚೆಗೆ ಚೆಲ್ಲುತ್ತಾರೆ. ಗುಂಡಿಯ ಅಂಚು ಕುಸಿಯದಂತೆ ಅಂಗೈಯಿಂದ ಮರಳನ್ನು ಒತ್ತುತ್ತಾರೆ. ಮತ್ತೆ ಊರಿದ ನೀರು ತಿಳಿಯಾಗಿ, ತಳದ ಮರಳಿನ ಕಣ ಒಂದೊಂದಾಗಿ ಕಾಣುವವರೆಗೆ ಕಾಯುತ್ತಾರೆ. ಬಳಿಕ ಕೊಡದ ಬಾಯಿಗೆ ಹಳೆಯ ಸೀರೆಯ ತುಂಡನ್ನು ಮಡಿಸಿ ಹಾಸಿ, ಬಟ್ಟಲು ಬಟ್ಟಲಾಗಿ ಸೋಸಿ ತುಂಬುತ್ತಾರೆ. ಮನೆಗೆ ಬಂದ ನೀರು ತಾಮ್ರದ ಕೊಡದಲ್ಲಿಯೋ ಮಣ್ಣಿನ ಹರವಿಯಲ್ಲಿಯೋ ಇರುಳೆಲ್ಲ ಉಳಿಯುತ್ತದೆ.

ಈ ಸರಳವಾದ ಕ್ರಮದಲ್ಲಿ ಎಷ್ಟು ವಿವೇಕ ಅಡಗಿತ್ತೆಂಬುದು ನಮ್ಮ ಕಾಲದ ಪ್ರಯೋಗಗಳಿಂದ ಸಿದ್ಧವಾಗಿದೆ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆಯಾಗಿ ಮಡಿಸಿ ನೀರನ್ನು ಸೋಸಿದ ಊರುಗಳಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧದಷ್ಟು ಇಳಿಯಿತೆಂದು ರೀಟಾ ಕಾಲ್ವೆಲ್ ಮತ್ತು ಅವರ ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದರು. ರೋಗಾಣುಗಳು ನೀರಿನ ಸೂಕ್ಷ್ಮ ಜೀವಿಗಳಿಗೆ ಅಂಟಿಕೊಂಡಿರುವುದರಿಂದ, ಆ ಜೀವಿಗಳು ಬಟ್ಟೆಯಲ್ಲಿ ಸಿಕ್ಕಿದರೆ ರೋಗಾಣುವೂ ಸಿಕ್ಕಿದಂತೆ. ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿಯನ್ನುಂಟುಮಾಡುವ ಬ್ಯಾಕ್ಟೀರಿಯಗಳು ಉಳಿಯಲಿಲ್ಲವೆಂಬುದನ್ನು 2012ರಲ್ಲಿ ಪ್ರಕಟವಾದ ಬೆಂಗಳೂರಿನ ಸಂಶೋಧನೆಯೊಂದು ತೋರಿಸಿತು. ಮೆಟ್ಟಿಲುಬಾವಿಗಳಿಗೆ ಇಳಿದು ನೀರು ತರುತ್ತಿದ್ದ ಊರುಗಳನ್ನು ತಲೆತಲಾಂತರದಿಂದ ಕಾಡಿದ ನಾರುಹುಣ್ಣು ಕೂಡ, ಸೋಸಿದ ನೀರಿನಲ್ಲಿ ನಿಲ್ಲಲಾರದ ಪಿಡುಗು. ಅದರ ಹುಳುವನ್ನು ಹೊತ್ತ ಜಲಚರ ಬಟ್ಟೆಯ ಎಳೆಗಳ ನಡುವೆ ನುಸುಳಲಾರದು. ಭಾರತದ ಏಳು ರಾಜ್ಯಗಳಲ್ಲಿ ನೆಲೆಯೂರಿದ್ದ ಈ ರೋಗ ಕರ್ನಾಟಕವನ್ನೂ ಬಿಟ್ಟಿರಲಿಲ್ಲ. 2000ದಲ್ಲಿ ದೇಶ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರವನ್ನಿತ್ತಿತು. ಇಷ್ಟಾದರೂ ವರತೆಯ ಬಳಿ ಕುಳಿತ ಹೆಂಗಸಿನ ನಂಬಿಕೆ ನೆಟ್ಟಿದ್ದುದು ತಿಳಿತನದ ಮೇಲೆ. ತಿಳಿಯಾದ ನೀರಿನಲ್ಲಿಯೂ ಮೃತ್ಯು ಇರಬಲ್ಲುದೆಂಬುದು ಅವಳಿಗೆ ಕಾಣುವ ಸಂಗತಿಯಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಇತಿಹಾಸ ಈ ಅದೃಶ್ಯ ಮೃತ್ಯುವಿನ ಇತಿಹಾಸ. 1800ರಲ್ಲಿ ನಿಜಾಮನಿಂದ ಇಂಗ್ಲಿಷರ ವಶಕ್ಕೆ ಬಂದ ಬಳ್ಳಾರಿ ಸೀಮೆ, 1876ರಿಂದ 1878ರ ಪರ್ಯಂತ ದಕ್ಷಿಣ ಭಾರತವನ್ನು ಸುಟ್ಟ ಕ್ಷಾಮದಲ್ಲಿ ಅತ್ಯಂತ ಪೀಡಿತವಾದ ಜಿಲ್ಲೆಗಳಲ್ಲೊಂದು. ಕೆರೆಗಳ ತಳದ ಕೆಸರಿಗೆ ದನವೂ ಜನವೂ ಒಟ್ಟಿಗೆ ಮುಗಿಬಿದ್ದ ಆ ದಿನಗಳಲ್ಲಿ, ಹಸಿವಿನ ಬೆನ್ನಿಗೇ ವಾಂತಿಭೇದಿ ಬಂತು. ಬೇನೆಯ ದೇವತೆಯೆಂದು ನಂಬಿದ ಅಮ್ಮನನ್ನು ಊರ ಗಡಿಯ ಆಚೆಗೆ ಸಾಗಹಾಕುವುದೊಂದೇ ಜನಕ್ಕೆ ತಿಳಿದ ಪ್ರತೀಕಾರವಾಗಿತ್ತು. ಇದೇ ಕ್ಷಾಮದ ನಡುವಣ ವರ್ಷವಾದ 1877ರಲ್ಲಿ, ಇಂಗ್ಲೆಂಡಿನ ಆರ್ಥರ್ ಡೌನ್ಸ್ ಮತ್ತು ಥಾಮಸ್ ಬ್ಲಂಟ್ ಎಂಬಿಬ್ಬರು ಕೆಲವು ಗಾಜಿನ ನಳಿಕೆಗಳಲ್ಲಿ ಜೀವಾಣುಗಳು ಬೆಳೆಯತಕ್ಕ ದ್ರವವನ್ನು ತುಂಬಿ, ಕೆಲವನ್ನು ಬಿಸಿಲಿಗೆ ಬಿಟ್ಟು, ಕೆಲವಕ್ಕೆ ಸೀಸದ ತಗಡನ್ನು ಸುತ್ತಿಟ್ಟರು. ಸೀಸದ ಮರೆಯಲ್ಲಿದ್ದ ದ್ರವ ಕದಡಿಹೋಯಿತು. ಬಿಸಿಲು ಕಂಡ ದ್ರವ ತಿಳಿಯಾಗಿಯೇ ಉಳಿಯಿತು. ಸೂರ್ಯಪ್ರಕಾಶ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆಂಬುದಕ್ಕೆ ಆಧುನಿಕ ವಿಜ್ಞಾನಕ್ಕೆ ದೊರೆತ ಮೊದಲ ಸ್ಪಷ್ಟ ನಿದರ್ಶನವದು. ಮಿತಿಯಿಲ್ಲದ ಬಿಸಿಲಿನ ಕೆಳಗೆ ಕೆಟ್ಟ ನೀರು ಕುಡಿದು ಬಳ್ಳಾರಿಯ ಜನ ಸಾಯುತ್ತಿದ್ದಾಗ, ಬಿಸಿಲೇ ಅಪರೂಪವಾದ ದೇಶದಲ್ಲಿ ಆ ಬಿಸಿಲಿನ ಗುಣ ನಿರ್ಣಯವಾಯಿತೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ.

ಏಳು ವರ್ಷಗಳ ಬಳಿಕ, 1884ರಲ್ಲಿ, ರಾಬರ್ಟ್ ಕಾಖ್ ಕಲ್ಕತ್ತೆಯ ಕೊಳವೊಂದರ ನೀರಿನಲ್ಲಿ ಕಾಲರಾದ ಜೀವಾಣುವನ್ನು ಗುರುತಿಸಿದನು. ಅಲ್ಲಿಂದ ಮುಂದೆ ಜಾತ್ರೆಗಳ ಕಾಲಕ್ಕೆ ಬಾವಿಗಳಿಗೆ ಔಷಧ ಹಾಕುವ ಪದ್ಧತಿ ಹಳ್ಳಿಗಳನ್ನು ಮುಟ್ಟಿತು. ಆರೋಗ್ಯ ಇಲಾಖೆಯವರು ಪೊಟ್ಯಾಸಿಯಂ ಪರ್ಮ್ಯಾಂಗನೇಟಿನ ಹರಳುಗಳನ್ನು ಬಕೀಟಿನಲ್ಲಿ ಕರಗಿಸಿ ಬಾವಿಗೆ ಸುರಿಯುತ್ತಿದ್ದರು. ಕೆಲವು ಗಂಟೆಗಳ ಅನಂತರವೂ ನೀರಿನಲ್ಲಿ ನಸುಗೆಂಪು ಉಳಿದಿದ್ದರೆ ಔಷಧ ಸಾಕಷ್ಟಾಯಿತೆಂದೂ, ಬಣ್ಣ ಬೇಗ ಮಾಸಿದರೆ ಇನ್ನೂ ಬೇಕೆಂದೂ ತಿಳಿಯುತ್ತಿದ್ದರು. ನನ್ನ ದೃಷ್ಟಿಯಲ್ಲಿ ಇದೊಂದು ಮಹತ್ವದ ಘಟ್ಟ. ನೀರಿನ ಒಳಗಣ ಸ್ಥಿತಿ, ಓದು ಬರದವನ ಕಣ್ಣಿಗೂ ಕಾಣುವ ಬಣ್ಣದ ಭಾಷೆಯಲ್ಲಿ, ಕಾಸಿನ ವೆಚ್ಚದಲ್ಲಿ ಹೊರಗೆ ಬಂದದ್ದು ಆಗಲೇ. ಬ್ಲೀಚಿಂಗ್ ಪುಡಿ ಬಂದ ಮೇಲೆ, ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡಲು ಹನಿಯೊಂದನ್ನು ಬೆರೆಸಿ ಹಳದಿಯಾಗುವುದನ್ನು ಕಾಯುವ ಪರೀಕ್ಷೆಯೂ ಇದೇ ಪರಂಪರೆಗೆ ಸೇರಿದ್ದು.

ಸಂಡೂರಿನ ಕಥೆ ಸ್ವಲ್ಪ ಬೇರೆ. ಹಿಂದೆ ಘೋರ್ಪಡೆ ಮನೆತನದ ಚಿಕ್ಕ ಸಂಸ್ಥಾನವಾಗಿದ್ದ ಅದು ಬೆಟ್ಟಗಳ ಮಡಿಲಿನ ಕಣಿವೆ. ಕುಮಾರಸ್ವಾಮಿಯ ಕ್ಷೇತ್ರವೂ ಹರಿಶಂಕರದ ತೊರೆಯೂ ಅಲ್ಲಿಯ ಪುಣ್ಯಸ್ಥಳಗಳು. ಬಳ್ಳಾರಿಯ ದಂಡಿನ ಬಿಸಿಲಿಗೂ ಬೇನೆಗೂ ಬಳಲಿದ ಇಂಗ್ಲಿಷ್ ಸಿಪಾಯಿಗಳು ಚೇತರಿಸಿಕೊಳ್ಳಲೆಂದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿಯ ರಾಮಗಡದ ಬೆಟ್ಟದ ಮೇಲೆ ಆರೋಗ್ಯಧಾಮವನ್ನು ಕಟ್ಟಲಾಯಿತು. ಅಂಥ ಸೀಮೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದ ಮ್ಯಾಂಗನೀಸಿನ ಗಣಿಗಾರಿಕೆ ನಡೆಯಿತು. ಈ ಶತಮಾನದ ಮೊದಲ ದಶಕದಲ್ಲಿ ಕಬ್ಬಿಣದ ಅದಿರಿನ ಆಸೆ ಮೇರೆ ಮೀರಿ, ಬೆಟ್ಟಗಳ ಮೈ ಸುಲಿದು, ಮಳೆ ಬಂದೊಡನೆ ಹಳ್ಳಗಳು ರಕ್ತವರ್ಣದ ಕೆಸರಾಗಿ ಹರಿಯತೊಡಗಿದವು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿ ಆಜ್ಞೆ ಮಾಡಿದ್ದು ಸರ್ವವಿದಿತ. ಗಣಿಯ ಧೂಳು ಇಲ್ಲಿ ಪ್ರಸ್ತುತವಾಗುವುದಕ್ಕೆ ಮತ್ತೊಂದು ಕಾರಣವುಂಟು: ಕದಡಿದ ನೀರಿನೊಳಕ್ಕೆ ಸೂರ್ಯನ ಕಿರಣ ಇಳಿಯಲಾರದು. ಬೆಟ್ಟವನ್ನು ಕೆಡಿಸಿದವರು ನೀರನ್ನಷ್ಟೇ ಕೆಡಿಸಲಿಲ್ಲ. ಬಿಸಿಲೆಂಬ ಪುಕ್ಕಟೆಯ ವೈದ್ಯನನ್ನೂ ಆ ನೀರಿನಿಂದ ದೂರವಿಟ್ಟರು.

ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಅಸ್ತಿಭಾರ ಬಿದ್ದು, 1953ರಲ್ಲಿ ನೀರು ನಿಂತಿತು. ಅದೇ ವರ್ಷದ ಅಕ್ಟೋಬರ್ 1ರಂದು ಹೊಸಪೇಟೆ, ಸಂಡೂರು, ಕಂಪ್ಲಿಗಳು ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದವು. ಪಟ್ಟಣಗಳಿಗೆ ನಲ್ಲಿ ಬಂತು. ಹಳ್ಳಿಗಳಿಗೆ ಕಾಲಕ್ರಮದಲ್ಲಿ ಕೊಳವೆಬಾವಿ ಬಂತು. ಕೊಳವೆಬಾವಿಯ ನೀರು ಕನ್ನಡಿಯಷ್ಟು ತಿಳಿಯಾಗಿದ್ದರೂ, ಬಳ್ಳಾರಿ ಸೀಮೆಯ ಹಲವೆಡೆ ಅದರಲ್ಲಿ ಫ್ಲೋರೈಡು ಮಿತಿಮೀರಿರುವುದು ಕಂಡುಬಂತು. ಅದನ್ನು ಬಿಸಿಲೂ ತೆಗೆಯಲಾರದು, ಬೆಂಕಿಯೂ ತೆಗೆಯಲಾರದು. ಹೀಗಾಗಿ, ನೀರನ್ನು ಅರಿಯುವ ಪ್ರಶ್ನೆ ಅಣೆಕಟ್ಟಿನಿಂದ ಮುಗಿಯಲಿಲ್ಲ.

ಬಿಸಿಲಿನ ಶುದ್ಧೀಕರಣ ನಮ್ಮ ಕಾಲದಲ್ಲಿ ಮರುಹುಟ್ಟು ಪಡೆದದ್ದು ಲೆಬನಾನಿನಲ್ಲಿ. ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಅಫ್ತೀಮ್ ಅಕ್ರಾ ಮತ್ತು ಅವರ ಸಂಗಡಿಗರು, ಭೇದಿಯಾದ ಮಕ್ಕಳಿಗೆ ಕೊಡುವ ಉಪ್ಪು ಸಕ್ಕರೆಯ ದ್ರಾವಣವನ್ನು ಬಿಸಿಲಿನಲ್ಲಿಟ್ಟು ರೋಗಾಣುರಹಿತವಾಗಿ ಮಾಡಬಹುದೆಂದು 1980ರಲ್ಲಿ ತಿಳಿಸಿದರು. 1991ರಿಂದ ಸ್ವಿಟ್ಜರ್ಲೆಂಡಿನ ಜಲಸಂಶೋಧನಾ ಸಂಸ್ಥೆಯೊಂದು ಇದನ್ನು ಒಂದು ಪದ್ಧತಿಯನ್ನಾಗಿ ರೂಪಿಸಿತು. ಎರಡು ಲೀಟರಿಗೆ ಮೀರದ, ಬಣ್ಣವಿಲ್ಲದ ಪ್ಲಾಸ್ಟಿಕ್ ಸೀಸೆಯಲ್ಲಿ ತಿಳಿನೀರನ್ನು ತುಂಬಿ, ನಿಚ್ಚಳವಾದ ಬಿಸಿಲಿನಲ್ಲಿ ಆರು ಗಂಟೆ ಮಲಗಿಸಬೇಕು. ಆಕಾಶದ ಅರ್ಧಕ್ಕಿಂತ ಹೆಚ್ಚು ಭಾಗ ಮೋಡವಾಗಿದ್ದರೆ ಎರಡು ದಿನ ಇಡಬೇಕು. ಕೊಲ್ಲುವ ಶಕ್ತಿ ಇರುವುದು ಮುಖ್ಯವಾಗಿ ಬೆಳಕಿನಲ್ಲಿ. ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು ರೋಗಾಣುವಿನ ದೇಹವನ್ನು ಛಿದ್ರಗೊಳಿಸುತ್ತವೆ. ನೀರಿನ ಕಾವು 50 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಕೂ ಶಾಖವೂ ಕೈಗೂಡಿಸಿ ಕೆಲಸ ಬೇಗ ಮುಗಿಯುತ್ತದೆ. ನೀರು ಸಾಕಷ್ಟು ತಿಳಿಯಾಗಿದೆಯೇ ಎಂದು ತಿಳಿಯಲು, ತುಂಬಿದ ಸೀಸೆಯನ್ನು ವೃತ್ತಪತ್ರಿಕೆಯ ತಲೆಬರಹದ ಮೇಲೆ ನಿಲ್ಲಿಸಿ, ಬಾಯಿಯಿಂದ ಕೆಳಗೆ ನೋಡಿ ಅಕ್ಷರ ಓದಲು ಬರುತ್ತದೆಯೇ ಎಂದು ಪರೀಕ್ಷಿಸಿದರೆ ಸಾಕು. ವರತೆಯ ತಳದ ಮರಳಿನ ಕಣವನ್ನು ಹುಡುಕುತ್ತಿದ್ದ ಕಂಪ್ಲಿಯ ಕಣ್ಣಿಗೆ ಇದು ಹೊಸ ವಿದ್ಯೆಯೇನಲ್ಲ.

ಈ ಪದ್ಧತಿಗೆ ಅತ್ಯಂತ ಅನುಕೂಲವಾದ ವಲಯ ಭೂಮಧ್ಯರೇಖೆಯಿಂದ 15 ಡಿಗ್ರಿ ಮತ್ತು 35 ಡಿಗ್ರಿ ಅಕ್ಷಾಂಶಗಳ ನಡುವಣದೆಂದು ಹೇಳುತ್ತಾರೆ. ಹಂಪೆ ಇರುವುದು 15 ಡಿಗ್ರಿಯನ್ನು ತುಸು ದಾಟಿದ ಕಡೆ. ಮಳೆ ಕಡಮೆ, ಮೋಡವಿಲ್ಲದ ದಿನಗಳು ಹೆಚ್ಚು. ನಮ್ಮ ನೆರೆಯ ವೆಲ್ಲೂರಿನ ಬಡವರ ಬಡಾವಣೆಯೊಂದರಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ, ಬಿಸಿಲಿಗಿಟ್ಟ ನೀರು ಕುಡಿದ ಮಕ್ಕಳಲ್ಲಿ ಭೇದಿ ಗಣನೀಯವಾಗಿ ತಗ್ಗಿದುದನ್ನು ಕಂಡಿತು. ಆದರೆ 2009ರಲ್ಲಿ ಬೊಲಿವಿಯ ದೇಶದ ಹಳ್ಳಿಗಳಿಂದ ಬಂದ ವರದಿಯಲ್ಲಿ ಅಂಥ ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಸೀಸೆಗಳನ್ನು ಕೊಟ್ಟರೂ ಜನ ಅವನ್ನು ನಿಯಮಿತವಾಗಿ ಬಳಸಿರಲಿಲ್ಲ. ಜನರನ್ನು ಇದಕ್ಕಾಗಿ ದೂರುವುದು ಸುಲಭ. ಆದರೆ ಬೆಳಗ್ಗೆ ಮಾಡಿನ ಮೇಲೆ ಇಟ್ಟ ಸೀಸೆ ಸಂಜೆಗೂ ಹಾಗೆಯೇ ಕಾಣುತ್ತದೆ. ಅದರ ಬಣ್ಣ ಬದಲಾಗಲಿಲ್ಲ, ರುಚಿ ಬದಲಾಗಲಿಲ್ಲ, ನಡುವೆ ಮೋಡ ಬಂದು ಹೋಯಿತು. ನೀರು ಸಿದ್ಧವಾಯಿತೆಂದು ತಾಯಿಯಾದವಳು ಯಾವ ಧೈರ್ಯದಿಂದ ಮಗುವಿಗೆ ಕುಡಿಸಬೇಕು?

ಅಗ್ಗದ ಸಂವೇದಕಗಳು ಹುಟ್ಟಿದ್ದು ಈ ಪ್ರಶ್ನೆಗೆ ಉತ್ತರವಾಗಿ. ಕಾಯಿಸಿದ ನೀರಿಗಾಗಿ ಅಮೆರಿಕದಲ್ಲಿ 1980ರ ದಶಕದ ಕೊನೆಯ ವೇಳೆಗೆ ಮೇಣದ ಸೂಚಕವೊಂದು ಸಿದ್ಧವಾಗಿತ್ತು: ಚಿಕ್ಕ ನಳಿಕೆಯ ಮೇಲ್ತುದಿಯಲ್ಲಿ ನಿಂತ ಮೇಣ 70 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಕೆಳಗಿಳಿದರೆ, ರೋಗಾಣುಗಳನ್ನು ಕೊಲ್ಲಲು ಬೇಕಾದ 65 ಡಿಗ್ರಿಯನ್ನು ನೀರು ದಾಟಿತೆಂದು ಖಚಿತ. ನಮ್ಮ ದೇಶದಲ್ಲಿಯೇ, ರಕ್ಷಣಾ ಸಂಶೋಧನಾಲಯದ ಕೆ. ಎಸ್. ಮಂಜ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲಿ ಒಂದು ಕಾಗದದ ಪಟ್ಟಿಯನ್ನು ಲೋಕದ ಮುಂದಿಟ್ಟರು. ಸೀಸೆಯಲ್ಲಿ ಆ ಪಟ್ಟಿಯನ್ನಿಟ್ಟು ನೀರು ತುಂಬಿ ಮನೆಯ ಕಾವಿನಲ್ಲಿಯೇ ಒಂದೆರಡು ದಿನ ಬಿಟ್ಟರೆ, ಮಲದಿಂದ ಬಂದ ಜೀವಾಣುಗಳು ಬಿಡುವ ಗಂಧಕದ ಅನಿಲ ಪಟ್ಟಿಯಲ್ಲಿನ ಕಬ್ಬಿಣದ ಲವಣದೊಡನೆ ಸೇರಿ ನೀರೆಲ್ಲ ಕಪ್ಪಾಗುತ್ತದೆ. ಪ್ರಯೋಗಶಾಲೆ ಬೇಡ, ಪಂಡಿತ ಬೇಡ. ಕಪ್ಪಾದರೆ ಕುಡಿಯಬೇಡಿ ಎಂಬುದನ್ನು ಶಾಲೆಯ ಹುಡುಗಿಯೂ ಹೇಳಬಲ್ಲಳು. ಈ ಪಟ್ಟಿಗೆ ಸಲ್ಲಬೇಕಾದ ಗೌರವ ನಮ್ಮಲ್ಲಿ ಇನ್ನೂ ಸಂದಿಲ್ಲವೆಂದೇ ನನ್ನ ಭಾವನೆ.

ಬಿಸಿಲನ್ನೇ ಅಳೆಯುವ ಉಪಕರಣ ಬಂದುದು ಇನ್ನೂ ಈಚೆಗೆ. ವಿಯೆನ್ನಾದ ಹೀಲಿಯೋಸ್ ಎಂಬ ಸಂಸ್ಥೆ ರೂಪಿಸಿದ ವಾಡಿ ಎಂಬ ಅಂಗೈಯಗಲದ ಸಾಧನವನ್ನು ಸೀಸೆಗಳ ಪಕ್ಕದಲ್ಲಿ ಬಿಸಿಲಿಗಿಡುತ್ತಾರೆ. ಅದರೊಳಗಿನ ಸಂವೇದಕ ಗಡಿಯಾರವನ್ನು ನೋಡುವುದಿಲ್ಲ. ಕ್ಷಣಕ್ಷಣಕ್ಕೂ ಬಿದ್ದ ನೇರಳಾತೀತ ಕಿರಣವನ್ನು ಕೂಡಿಸುತ್ತ ಹೋಗುತ್ತದೆ. ಮೋಡ ಬಂದರೆ ಮೊತ್ತ ನಿಧಾನವಾಗಿ ಏರುತ್ತದೆ, ಮೋಡ ಸರಿದರೆ ವೇಗವಾಗಿ ಏರುತ್ತದೆ. ರೋಗಾಣುಗಳ ನಾಶಕ್ಕೆ ಬೇಕಾದ ಪ್ರಮಾಣ ಮುಟ್ಟಿದೊಡನೆ, ಅಲ್ಲಿಯವರೆಗೆ ಸಪ್ಪಗಿದ್ದ ಪುಟ್ಟ ಮುಖಚಿತ್ರವೊಂದು ನಗುತ್ತದೆ. ಬಿಸಿಲಿಗೆ ಬಣ್ಣ ಕಳೆದುಕೊಳ್ಳುವ ಶಾಯಿಯ ಪಟ್ಟಿಗಳನ್ನು ಇದೇ ಉದ್ದೇಶಕ್ಕಾಗಿ, ಇನ್ನೂ ಕಡಮೆ ವೆಚ್ಚದಲ್ಲಿ ಸಿದ್ಧಗೊಳಿಸುವ ಪ್ರಯತ್ನಗಳೂ ನಡೆದಿವೆ. ಚೈತ್ರ ವೈಶಾಖಗಳ ಹೊಸಪೇಟೆಗೆ ಇವುಗಳ ಅಗತ್ಯ ಅಷ್ಟಾಗಿ ತೋರದು. ಅಂದಿನ ಬಿಸಿಲಿಗೆ ಸಾಕ್ಷಿ ಬೇಕಿಲ್ಲ. ಮುಂಗಾರಿನ ಮೋಡ ಕವಿದು ತೆರೆಯುವ ಶ್ರಾವಣ ಭಾದ್ರಪದಗಳಲ್ಲಿ, ಹೊಳೆ ಕೆಂಪಾಗಿ ಬಂದು ಕಂಪ್ಲಿಯ ಸೇತುವೆ ಮುಳುಗುವಂಥ ದಿನಗಳಲ್ಲಿ, ನೀರು ಅತ್ಯಂತ ಕೆಟ್ಟಿರುವಾಗಲೇ ಬಿಸಿಲು ಅತ್ಯಂತ ಅನಿಶ್ಚಿತ. ಆಗ ಮೊದಲು ಬಗ್ಗಡವನ್ನು ಕತಕದಿಂದಲೋ ಪಟಿಕದಿಂದಲೋ ತಳಕ್ಕಿಳಿಸಿ, ಬಟ್ಟೆಯಲ್ಲಿ ಸೋಸಿ, ಬಳಿಕ ಸೀಸೆಗೆ ತುಂಬಿ ಸಂವೇದಕದ ಮಾತನ್ನು ಕೇಳಬೇಕಾಗುತ್ತದೆ.

ನಲ್ಲಿ ಮುಟ್ಟಿದ ಮನೆಗೆ ಇಷ್ಟೆಲ್ಲ ಏಕೆಂದು ಯಾರಾದರೂ ಕೇಳಿದರೆ, ಆ ಮನೆಗೆ ಬೇಡವೆಂದೇ ನಾನು ಹೇಳುತ್ತೇನೆ. ಆದರೆ ಕಬ್ಬು ಕಡಿಯಲು ಬಂದವರ ಗುಡಿಸಲುಗಳು ಕಾಲುವೆಯ ಏರಿಯ ಮೇಲಿರುತ್ತವೆ; ಗಣಿಯ ಲಾರಿಗಳಿಗೆ ಅದಿರು ತುಂಬುವವರು ಊರಿನಿಂದ ದೂರ ದುಡಿಯುತ್ತಾರೆ; ಕುರಿಗಾರರು ಹಿಂಡಿನೊಡನೆ ಹೊಲದಿಂದ ಹೊಲಕ್ಕೆ ಸಾಗುತ್ತಾರೆ; ವಿರೂಪಾಕ್ಷನ ತೇರಿಗೆ ಬಂದ ಸಹಸ್ರಾರು ಜನ ಹೊಳೆಯ ದಡದಲ್ಲಿಯೇ ಇಳಿದುಕೊಳ್ಳುತ್ತಾರೆ. ಪಂಚಾಯಿತಿಯ ನೀರುಗಂಟಿಯ ಚೀಲದಲ್ಲಿ ಬ್ಲೀಚಿಂಗ್ ಪುಡಿಯ ಜೊತೆಗೆ ಹತ್ತು ಕಪ್ಪಾಗುವ ಪಟ್ಟಿಗಳೂ ಒಂದು ಬಿಸಿಲಳೆಯುವ ಸಾಧನವೂ ಇರತಕ್ಕದ್ದೆಂದೂ, ಮೊದಲ ಪರೀಕ್ಷೆ ನಡೆಯಬೇಕಾದುದು ಈ ಗುಡಿಸಲುಗಳ ಮುಂದೆಯೇ ಎಂದೂ ನಾನು ಭಾವಿಸುತ್ತೇನೆ.